ಇಲ್ಲದ ಹುಣ್ಣು ವಾಸಿಯಾದದ್ದು

ಈಜಿಪ್ಟಿನ ಸೊಹಾಗ್ ಪಟ್ಟಣದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಲಬೀಬನಿಗೆ ಹೊಟ್ಟೆಯಲ್ಲಿ ಹುಣ್ಣಿದೆ ಎಂಬುದು ಇಡೀ ಕೇರಿಗೇ ಗೊತ್ತಿದ್ದ ಸಂಗತಿ. ಹುಣ್ಣು ಗಿಣ್ಣು ಏನೂ ಇಲ್ಲ ಎಂಬುದು ಮಾತ್ರ ತನ್ನೊಬ್ಬನಿಗೇ ಗೊತ್ತು ಎಂದು ಲಬೀಬ ನಂಬಿದ್ದ.

ಆ ಹುಣ್ಣು ಹುಟ್ಟಿದ್ದು ಅವನ ಮದುವೆಯಾದ ಮೊದಲ ವರ್ಷ. ಅವರು ಕಾಪ್ಟಿಕ್ ಕ್ರೈಸ್ತರು. ಅದರಲ್ಲೂ ಹೆಂಡತಿ ಫೆರ್ಯಾಲಳ ತವರಿನವರು ಉಪವಾಸದ ವಿಷಯದಲ್ಲಿ ಬಹಳ ಬಿಗಿ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಯಿತೆಂದರೆ ಹತ್ತಿರ ಹತ್ತಿರ ಎರಡು ತಿಂಗಳು ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಅವರ ಒಲೆಯ ಬಳಿ ಸುಳಿಯುವಂತಿರಲಿಲ್ಲ. ಅದು ಸಾಲದೆಂಬಂತೆ ಮಧ್ಯಾಹ್ನ ಮೂರರವರೆಗೆ ಬಾಯಿಗೆ ಹನಿ ನೀರೂ ಇಲ್ಲ. ಲಬೀಬನ ಅಪ್ಪನ ಮನೆಯಲ್ಲಾದರೋ ಉಪವಾಸವೆಂದರೆ ಗುಡ್ ಫ್ರೈಡೆಯ ಅರ್ಧ ದಿನ, ಅದೂ ಅಮ್ಮ ನೆನಪಿಸಿದರೆ. ಆ ವರ್ಷವೆಲ್ಲ ಅತ್ತೆಯ ಮನೆಯಲ್ಲೇ ಇದ್ದ ಹೊಸ ಅಳಿಯ ಮೊದಲ ವಾರ ಹೇಗೋ ಹಲ್ಲು ಕಚ್ಚಿಕೊಂಡಿದ್ದ. ಎರಡನೇ ವಾರ ಬೇಳೆಯ ಬಟ್ಟಲನ್ನು ಅತ್ತೆ ಇಸ್ತೀರ್ ಮುಂದಿಟ್ಟಾಗ ಪಕ್ಕೆಲುಬಿನ ಕೆಳಗೆ ಕೈಯಿಟ್ಟುಕೊಂಡು ಮುಖ ಕಿವುಚಿದ. ಹೊಟ್ಟೆ ಖಾಲಿಯಿದ್ದರೆ ಒಳಗೆ ಬೆಂಕಿ ಬಿದ್ದಂತಾಗುತ್ತದೆ, ಡಾಕ್ಟರು ಹುಣ್ಣು ಅಂದಿದ್ದಾರೆ, ಆಗಾಗ ಏನಾದರೂ ಬೀಳುತ್ತಲೇ ಇರಬೇಕಂತೆ ಎಂದ. ಯಾವ ಡಾಕ್ಟರು ಎಂದು ಯಾರೂ ಕೇಳಲಿಲ್ಲ. ಇಗರ್ಜಿಯ ಪಾದ್ರಿ ಅಬೂನಾ ಮಿತಿಯಾಸರು ಅವನ ಭುಜ ತಟ್ಟಿ, ಕಾಯಿಲೆಯವರಿಂದ ದೇವರು ಉಪವಾಸ ಕೇಳುವುದಿಲ್ಲ ಎಂದು ವಿನಾಯಿತಿ ಕೊಟ್ಟರು. ಮನೆಯ ಗೂಡಿನಲ್ಲಿ ಬಿಳಿ ಔಷಧಿಯ ಬಾಟಲಿಯೊಂದು ಬಂದು ಕೂತಿತು. ಅದು ಯಾವತ್ತೂ ಕುಡಿದು ಖಾಲಿಯಾದದ್ದಿಲ್ಲ; ವಾಯಿದೆ ಮುಗಿದಾಗ ಹೊಸದು ಬರುತ್ತಿತ್ತು, ಅಷ್ಟೆ.

ಹೀಗೆ ಇಪ್ಪತ್ತು ವರ್ಷದ ಮೇಲಾಯಿತು. ಈ ನಡುವೆ ಮಾವ ತೀರಿಕೊಂಡರು. ಅತ್ತೆ ತನ್ನ ಹಿತ್ತಾಳೆ ಪಾತ್ರೆಗಳ ಸಮೇತ ಮಗಳ ಮನೆಗೇ ಬಂದಳು. ಉಪವಾಸದ ತಿಂಗಳುಗಳಲ್ಲಿ ಹೆಂಗಸರಿಬ್ಬರೂ ಮೂರು ಗಂಟೆಗೆ ಬೇಳೆಯ ಮುಂದೆ ಕೂತರೆ, ಲಬೀಬನೂ ಮರ್ಯಾದೆಗೆಂದು ಬಂದು ಕೂರುತ್ತಿದ್ದ. ಅಷ್ಟು ಹೊತ್ತಿಗೆ ಅವನು ರೈಲ್ವೆ ಸ್ಟೇಷನ್ನಿನ ಹತ್ತಿರದ ಕಬಾಬಿನ ಅಂಗಡಿಯಲ್ಲಿ ಬೆನ್ನು ಬೀದಿಗೆ ಮಾಡಿ ಕೂತು, ಕೆಂಡದ ಮೇಲಿನ ಕೊಫ್ತಾ ಮುಗಿಸಿ, ಮೀಸೆಗೆ ನಿಂಬೆಹಣ್ಣು ಉಜ್ಜಿಕೊಂಡು ಬಂದಿರುತ್ತಿದ್ದ. ಬೇಳೆಯಲ್ಲಿ ರೊಟ್ಟಿಯ ತುದಿ ಅದ್ದಿ, ನಾಲಿಗೆಗೆ ತಾಗಿಸಿ, ಯಾಕೋ ಸಪ್ಪೆ ಎಂದು ಬಟ್ಟಲು ಸರಿಸುತ್ತಿದ್ದ.

ಈ ವರ್ಷದ ದೊಡ್ಡ ಉಪವಾಸ ಮುಗಿಯುತ್ತ ಬಂದಾಗ ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಅಂಗಿಯ ಗುಂಡಿಗಳು ಒಂದರ ಹಿಂದೊಂದು ಕೈಕೊಟ್ಟವು. ಈಸ್ಟರಿನ ಹಿಂದಿನ ದಿನ, ಹೆಂಗಸರು ಇಗರ್ಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಯಾರಿಗೂ ಹೇಳದೆ ಡಾಕ್ಟರ ಬಳಿ ಹೋದ. ಆಕೆ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಅಲ್ಲ. ಅವನ ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಸವರಿ, ಯಂತ್ರ ಆಡಿಸಿ, ಪರದೆಯನ್ನು ಅವನ ಕಡೆ ತಿರುಗಿಸಿದಳು. ಬೆಳ್ಳಗೆ ಹೊಳೆಯುತ್ತಿದ್ದ ಅದು ಅವನ ಪಿತ್ತಜನಕಾಂಗವಂತೆ, ಆ ಬಿಳುಪೆಲ್ಲ ಕೊಬ್ಬಂತೆ. ಮಾತ್ರೆ ಬರೆದುಕೊಡಿ ಎಂದು ಕೇಳಿದ. ಮಾತ್ರೆ ಇಲ್ಲ ಎಂದಳು. ರಾತ್ರಿ ಎಂಟರಿಂದ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ನೀರು ಮತ್ತು ಸಕ್ಕರೆಯಿಲ್ಲದ ಚಹಾ ಬಿಟ್ಟು ಏನೂ ಕೂಡದು.

"ಉಳಿದ ಎಂಟು ಗಂಟೆಯಲ್ಲಿ ಮನೇಲಿ ಏನು ಮಾಡ್ತಾರೋ ಅದನ್ನ ಹೊಟ್ಟೆ ತುಂಬ ತಿನ್ನಿ. ಹೊರಗಡೆ ಮಾತ್ರ ಬೇಡ. ಅಂದಹಾಗೆ ಹೊಟ್ಟೇಲಿ ಬೇರೆ ಏನಾದ್ರೂ ತೊಂದರೆ ಇದ್ಯಾ? ಹುಣ್ಣು ಗಿಣ್ಣು?"

ಲಬೀಬನ ಕೈ ಅಭ್ಯಾಸಬಲದಿಂದ ಪಕ್ಕೆಲುಬಿನ ಕೆಳಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತಂದು, ಇಲ್ಲ ಎಂದ.

ಹೊರಗೆ ಬಂದು ಬೀದಿಯಲ್ಲಿ ನಿಂತಾಗಲೇ ಅವನಿಗೆ ತಾನು ಸಿಕ್ಕಿಬಿದ್ದ ಇಕ್ಕಟ್ಟು ಪೂರ್ತಿ ಕಾಣಿಸಿದ್ದು. ಎರಡು ತಿಂಗಳು ಮುಂಚೆ ಬಂದಿದ್ದರೆ ಊರಿನವರೆಲ್ಲರ ಜೊತೆ ತಾನೂ ಹಸಿದುಕೊಂಡಿರಬಹುದಿತ್ತು. ಪಿತ್ತಜನಕಾಂಗಕ್ಕೂ ಒಳ್ಳೆಯದು, ಹೆಸರಿಗೂ ಒಳ್ಳೆಯದು. ನಾಳೆ ಈಸ್ಟರ್. ನಾಳೆಯಿಂದ ಐವತ್ತು ದಿನ ಸಂತೋಷದ ದಿನಗಳು. ಆ ಐವತ್ತು ದಿನ ಯಾರೂ ಉಪವಾಸ ಮಾಡಕೂಡದು, ವಾರವಾರದ ಬುಧವಾರ ಶುಕ್ರವಾರದ ಉಪವಾಸ ಕೂಡ ಇಲ್ಲ, ಮಾಡಿದರೆ ತಪ್ಪು ಎಂದು ಇಗರ್ಜಿಯ ಕಟ್ಟಳೆಯೇ ಇದೆ. ಎರಡು ತಿಂಗಳ ಬೇಳೆಯ ಸೇಡು ತೀರಿಸಿಕೊಳ್ಳುವಂತೆ ಮನೆಮನೆಯಲ್ಲೂ ತುಪ್ಪ ಕಾಯುವ ಕಾಲ ಅದು. ಲಬೀಬ ಹಸಿದುಕೊಂಡಿರಬೇಕಾದದ್ದು ಸರಿಯಾಗಿ ಆಗಲೇ.

ಮನೆಯಲ್ಲಿ ಹೇಳುವಂತೆಯೂ ಇರಲಿಲ್ಲ. ಹದಿನಾರು ಗಂಟೆ ಖಾಲಿ ಹೊಟ್ಟೆಯಲ್ಲಿ ಇರಬಲ್ಲೆ ಎಂದು ಬಾಯಿ ಬಿಟ್ಟರೆ, ಇಪ್ಪತ್ತು ವರ್ಷದ ಹುಣ್ಣನ್ನು ತೆಗೆದು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಕಿದ ಹಾಗೆ. ಹಾಗಾಗಿ, ಅಷ್ಟು ವರ್ಷ ಕದ್ದು ತಿಂದವನು ಈಗ ಕದ್ದು ಹಸಿದಿರಲು ಶುರುಮಾಡಿದ. ಮೊದಲನೆಯದಕ್ಕಿಂತ ಎರಡನೆಯದೇ ಕಷ್ಟ ಎಂಬುದು ಅವನಿಗೆ ಬೇಗ ತಿಳಿಯಿತು. ಕದ್ದು ತಿನ್ನುವವನಿಗೆ ಒಂದು ಮೂಲೆ ಸಿಕ್ಕರೆ ಸಾಕು. ಹಸಿದಿರುವವನ ತಟ್ಟೆಯನ್ನೋ ಎಲ್ಲರೂ ನೋಡುತ್ತಾರೆ.

ಈಸ್ಟರಿನ ಮರುದಿನ ನೈಲ್ ದಂಡೆಯಲ್ಲಿ ಚಾಪೆ ಹಾಸಿ, ಊರಿಗೆ ಊರೇ ಉಪ್ಪುಮೀನು ಈರುಳ್ಳಿ ತಿನ್ನುತ್ತ ಕೂತಿದ್ದಾಗ, ಲಬೀಬ ಬಣ್ಣದ ಮೊಟ್ಟೆಗಳನ್ನು ಸುಲಿದು ಸುಲಿದು ನೆಂಟರ ಮಕ್ಕಳ ಕೈಗೆ ಕೊಡುತ್ತ ಹೊತ್ತು ಕಳೆದ. ಅಷ್ಟೊಂದು ಮೊಟ್ಟೆ ಸುಲಿದವನು ಒಂದನ್ನೂ ಬಾಯಿಗಿಟ್ಟಿಲ್ಲ ಎಂದು ಯಾರ ಗಮನಕ್ಕೂ ಬರಲಿಲ್ಲ. ಆದರೆ ಮನೆಯ ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆಯ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. ಆಕೆ ನಸುಕಿಗೇ ಎದ್ದು ಹಿಟ್ಟು ನಾದಿ, ತೆಳ್ಳಗೆ ಬೀಸಿ, ಪದರ ಪದರಕ್ಕೂ ತುಪ್ಪ ಸವರಿ ಫತೀರ್ ಮಾಡುತ್ತಿದ್ದಳು. ಪಕ್ಕದಲ್ಲಿ ಕಬ್ಬಿನ ಜೋನಿಬೆಲ್ಲಕ್ಕೆ ಎಳ್ಳಿನ ಹಿಟ್ಟು ಕಲಸಿದ ಬಟ್ಟಲು. ಲಬೀಬ ಬೇರೆ ದಾರಿ ಕಾಣದೆ, ಬೆಳಿಗ್ಗೆ ಗಿರಾಕಿಗಳು ಬರುತ್ತಾರೆ, ಅಂಗಡಿಯಲ್ಲೇ ತಿನ್ನುತ್ತೇನೆ ಎಂದ. ಅತ್ತೆ ಅದನ್ನು ನೀಲಿ ಚೌಕಳಿಯ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಹುಣ್ಣಿನವನು ಹಸಿದಿರಬಾರದಲ್ಲ ಎನ್ನುತ್ತ ಕೈ ಧಾರಾಳವಾಗಿಯೇ ಕಟ್ಟಿದಳು.

ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಹಾಜಿ ರಿಫಾಯಿಗೆ ಆ ಗಂಟು ಹೋಯಿತು. ಮೊದಲ ದಿನ ಹಾಜಿ ಎದೆಯ ಮೇಲೆ ಕೈಯಿಟ್ಟು, ಬೇಡ ಉಸ್ತಾಜ್, ನನ್ನ ತಿಂಡಿಯಾಗಿದೆ ಎಂದ. ಎರಡನೆಯ ದಿನ ಅರ್ಧ ತಿಂದ. ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ತಿಂಡಿ ತಿನ್ನುವುದನ್ನೇ ಬಿಟ್ಟು, ಲಬೀಬನ ಅಂಗಡಿಯ ಬಾಗಿಲು ಮೇಲೇಳುವ ಸದ್ದಿಗೆ ಕಾದಿರತೊಡಗಿದ. ಲಬೀಬ ಬರುವುದು ಸ್ವಲ್ಪ ತಡವಾದರೆ, "ಏನು ಉಸ್ತಾಜ್, ನಮ್ಮಂಥ ಬಡಪಾಯಿಗಳ ಹೊಟ್ಟೆ ಮರೆತೇ ಬಿಟ್ರಾ?" ಎಂದು ಕೆಣಕುತ್ತಿದ್ದ.

ಹಾಜಿ ತುಪ್ಪದ ಬೆರಳು ನೆಕ್ಕುವುದನ್ನು ನೋಡುತ್ತ ಲಬೀಬ ಕಹಿ ಚಹಾ ಕುಡಿಯುತ್ತಿದ್ದ. ಮೊದಲ ಕೆಲವು ದಿನ ತಲೆ ಸಿಡಿಯುತ್ತಿತ್ತು. ಗಿರಾಕಿಗಳು ಅಕ್ಷರದ ಹಲಗೆ ಓದುವಾಗ ಅವನಿಗೇ ಅಕ್ಷರಗಳು ಕುಣಿಯುತ್ತಿದ್ದವು. ಆಮೇಲೆ ಅವನು ಎಣಿಸಿರದಿದ್ದ ಒಂದು ಸಂಗತಿ ನಡೆಯಿತು. ಮಧ್ಯಾಹ್ನದ ಊಟ ರುಚಿಸತೊಡಗಿತು.

ಅದಕ್ಕೆ ಮುಂಚೆ ರುಚಿಸುತ್ತಿರಲಿಲ್ಲ ಎಂದಲ್ಲ. ದಿನವಿಡೀ ಏನಾದರೊಂದು ಮೆಲ್ಲುತ್ತಿದ್ದವನಿಗೆ ಊಟವೆಂಬುದು ತಿಂಡಿಗಳ ನಡುವಿನ ಇನ್ನೊಂದು ತಿಂಡಿಯಾಗಿತ್ತು. ಈಗ ಹನ್ನೆರಡು ಹೊಡೆಯುವ ಮುಂಚೆಯೇ ಅಂಗಡಿಯ ಬಾಗಿಲೆಳೆದು, ಬಿಸಿಲಲ್ಲಿ ದಾಪುಗಾಲು ಹಾಕಿ ಮನೆಗೆ ಬಂದು, ಕೈ ಕೂಡ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಮೊಲದ ಸಾರಿನಲ್ಲಿ ಮುಲೂಖಿಯಾ ಸೊಪ್ಪು ಹಸಿರಾಗಿ ಕುದಿಯುತ್ತಿರುತ್ತಿತ್ತು. ಫೆರ್ಯಾಲ್ ಜಜ್ಜಿದ ಬೆಳ್ಳುಳ್ಳಿಗೂ ಕೊತ್ತಂಬರಿ ಬೀಜಕ್ಕೂ ತುಪ್ಪದಲ್ಲಿ ಬಣ್ಣ ಬರಿಸಿ ಒಗ್ಗರಣೆ ಸುರಿಯುವಾಗ, ಆ ಊರಿನ ಹೆಂಗಸರೆಲ್ಲ ಮಾಡುವಂತೆ, ಹಾ ಎಂದು ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದಳು. ಹಾಗೆ ಉಸಿರೆಳೆಯದಿದ್ದರೆ ಮುಲೂಖಿಯಾಕ್ಕೆ ರುಚಿ ಹತ್ತುವುದಿಲ್ಲವಂತೆ. ಹೆಂಡತಿಯ ಆ ಉಸಿರನ್ನು ಲಬೀಬ ಅಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ಈಗ ಅದನ್ನು ಕೇಳಿದ ಕೂಡಲೇ ರೊಟ್ಟಿಯ ಬುಟ್ಟಿ ಎಳೆದುಕೊಂಡು ಕೂತುಬಿಡುತ್ತಿದ್ದ.

ರೊಟ್ಟಿ ಮುರಿದು ಸೊಪ್ಪಿನಲ್ಲಿ ಅದ್ದಿದರೆ ಅದು ಬೆರಳಿಂದ ಬಾಯಿಗೆ ಎಳೆ ಎಳೆಯಾಗಿ ಬರುತ್ತಿತ್ತು. ದ್ರಾಕ್ಷಿ ಎಲೆಯೊಳಗಿನ ಅನ್ನದ ಹುಳಿ, ಅದರ ತಳಕ್ಕೆ ಹಾಸಿ ಬೇಯಿಸಿದ ಎಲುಬಿನ ಮಜ್ಜೆ, ಹೆಂಚಿನ ಬಾತುಕೋಳಿಯ ಗರಿಗರಿ ಚರ್ಮ. ಲಬೀಬ ತಟ್ಟೆ ಬಳಿದು ಉಣ್ಣುತ್ತಿದ್ದ. ಉಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದು ದಿನ ಬಾಯಿ ತಪ್ಪಿ, ನಾಳೆ ಬಿಸಾರಾ ಮಾಡುತ್ತೀಯಾ ಎಂದು ಕೇಳಿಬಿಟ್ಟ. ಬಿಸಾರಾ ಎಂದರೆ ಅವರೆಯಂಥ ಫೂಲ್ ಕಾಳಿನ ಬೇಳೆಯನ್ನು ಸೊಪ್ಪಿನ ಜೊತೆ ಕಡೆದು, ಮೇಲೆ ಕಪ್ಪಗೆ ಹುರಿದ ಈರುಳ್ಳಿ ಹಾಕುವ ಅಪ್ಪಟ ಉಪವಾಸದ ಅಡುಗೆ. ಇಷ್ಟು ವರ್ಷ ಅದನ್ನು ಕಂಡರೆ ಮೂಗು ಮುರಿದವನು.

ಫೆರ್ಯಾಲ್ ಅವನ ಹಣೆ ಮುಟ್ಟಿ ನೋಡಿದಳು. "ಹಬ್ಬದ ದಿನ ಬಿಸಾರಾನಾ? ಬಾತುಕೋಳಿ ಬೇಡ್ವಾ? ಯಾಕ್ರೀ, ಮೈಗೆ ಹುಷಾರಿಲ್ವಾ?"

ಹೀಗೆ ಮೂರು ವಾರ ಸಾಂಗವಾಗಿ ಸಾಗಿತು. ಪ್ಯಾಂಟಿನ ಪಟ್ಟಿ ಒಂದು ತೂತು ಒಳಕ್ಕೆ ಬಂತು. ಆಮೇಲೊಂದು ಬೆಳಿಗ್ಗೆ ಅತ್ತೆಯ ಕನ್ನಡಕದ ಕಾಲು ಮುರಿಯಿತು, ಆಕೆ ಅದನ್ನು ಹಿಡಿದುಕೊಂಡು ಹೇಳದೆ ಕೇಳದೆ ಅಂಗಡಿಗೆ ಬಂದಳು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಹಾಜಿ ರಿಫಾಯಿಯ ಮಡಿಲಲ್ಲಿ ಬಿಚ್ಚಿದ್ದ ತನ್ನ ನೀಲಿ ಚೌಕಳಿ ಬಟ್ಟೆ. ಹಾಜಿಯ ಗಡ್ಡಕ್ಕೆ ಜೋನಿಬೆಲ್ಲ ಮೆತ್ತಿತ್ತು. ಅವನು ನೇರ ಮನುಷ್ಯ. ಎದ್ದು ನಿಂತು ಹೇಳಿದ.

"ಅಮ್ಮಾ, ನಿಮ್ಮ ಕೈ ತಣ್ಣಗಿರಲಿ. ನಿಮ್ಮ ಹಬ್ಬದಿಂದ ಈಚೆಗೆ ದಿನಾ ನಿಮ್ಮ ಕೈ ತಿಂಡಿನೇ ತಿಂತಿದೀನಿ. ಉಸ್ತಾಜ್ ಅಂತೂ ಹನ್ನೆರಡರ ತನಕ ಏನೂ ಮುಟ್ಟೋದೇ ಇಲ್ಲ. ನಾನು ಮನುಷ್ಯ ಅಲ್ವಾ, ತಡೆಯೋಕಾಗಲ್ಲ."

ಲಬೀಬ ಸ್ಕ್ರೂ ತಿರುಗಿಸುತ್ತಿದ್ದವನು ತಲೆಯೆತ್ತಲಿಲ್ಲ. ಅತ್ತೆ ಮುರಿದ ಕನ್ನಡಕವನ್ನು ಅವನ ಮುಂದಿಟ್ಟಳು. ಕನ್ನಡಕ ಸರಿಯಾದ ಮೇಲೆ ಹಾಕಿಕೊಂಡು ಅವನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲೆ ಬಾಗಿ ಅವನ ಹಣೆಗೆ ಮುತ್ತಿಟ್ಟು ಹೊರಟುಹೋದಳು.

ಸಂಜೆಗೆ ಫೆರ್ಯಾಲಳಿಂದ ವಿಷಯ ತಿಳಿಯಿತು. ಅಳಿಯ ಯಾರಿಗೂ ಕಾಣದ ಹಾಗೆ ಉಪವಾಸ ಮಾಡುತ್ತಿದ್ದಾನೆ, ತಾನು ತಿನ್ನಬೇಕಾದದ್ದನ್ನು ಪಕ್ಕದವನಿಗೆ ಕೊಟ್ಟು ಪ್ರಾರ್ಥನೆಯಲ್ಲಿರುತ್ತಾನೆ ಎಂದು ಅಮ್ಮ ಹೇಳುತ್ತಿದ್ದಾಳಂತೆ, ಹೇಳುತ್ತ ಅಳುತ್ತಿದ್ದಾಳಂತೆ. ಇಷ್ಟನ್ನು ಹೇಳುವಾಗ ಫೆರ್ಯಾಲಳ ಕಣ್ಣಲ್ಲಿ ಹೊಸದೊಂದು ಬೆಳಕಿತ್ತು. ಅವನ ನಾಳೆಯ ಅಂಗಿಗೆ ಇಸ್ತ್ರಿ ಆಗಲೇ ಆಗಿತ್ತು. ನಿಜ ಹೇಳುವುದಿದ್ದರೆ ಅದೇ ಗಳಿಗೆ. ಲಬೀಬ ಬಾಯಿ ತೆರೆದ. ಇಸ್ತ್ರಿಯಾದ ಅಂಗಿಯನ್ನು ನೋಡಿ ಮತ್ತೆ ಮುಚ್ಚಿದ.

ಕೇರಿಯಲ್ಲಿ ಮಾತು ಹಬ್ಬುವುದಕ್ಕೆ ಎರಡು ದಿನ ಬೇಕಾಗಲಿಲ್ಲ. ಹಿಂದೆ ಅವನನ್ನು ಕಂಡರೆ ಹೊಟ್ಟೆ ಹೇಗಿದೆ ಎಂದು ಕೇಳುತ್ತಿದ್ದವರು ಈಗ ನಮಗಾಗಿ ಪ್ರಾರ್ಥಿಸಿ ಎನ್ನತೊಡಗಿದರು. ಲಬೀಬನಿಗೆ ಮೊದಮೊದಲು ನಾಚಿಕೆಯಾಯಿತು. ಆಮೇಲೆ ಅದು ಅಷ್ಟೇನೂ ಕೆಟ್ಟದೆನಿಸಲಿಲ್ಲ. ನಡಿಗೆ ಸ್ವಲ್ಪ ನಿಧಾನವಾಯಿತು. ಮುಖ ಇಳಿದಿದೆಯಲ್ಲ ಎಂದು ಯಾರಾದರೂ ಅಂದರೆ, ಎಲ್ಲ ದೇವರ ದಯೆ ಎಂದು ತಗ್ಗಿದ ದನಿಯಲ್ಲಿ ಹೇಳುವುದನ್ನೂ ಕಲಿತ.

ಅಬೂನಾ ಮಿತಿಯಾಸರು ಮುಂದಿನ ವಾರ ಮನೆಗೆ ಬಂದರು. ಆ ದಿನಗಳಲ್ಲಿ ಅವರು ಮನೆಮನೆಗೂ ಹೋಗುವ ರೂಢಿಯಿದ್ದರೂ, ಬೆಳಿಗ್ಗೆ ಹತ್ತಕ್ಕೇ ಬಂದದ್ದು ಬೇಕೆಂತಲೇ. ದಪ್ಪನೆಯ ಮನುಷ್ಯ, ಬಿಳಿ ಗಡ್ಡ, ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಅತ್ತೆ ಫತೀರ್ ತಂದಿಟ್ಟಳು. ಅಬೂನಾ ಒಂದು ತುಂಡು ಮುರಿದು, ಬೆಲ್ಲದಲ್ಲಿ ಅದ್ದಿ, ಲಬೀಬನ ಬಾಯಿಯ ಮುಂದೆ ಹಿಡಿದರು. ಲಬೀಬ ಗೋಡೆಯ ಗಡಿಯಾರ ನೋಡಿದ.

"ಗಡಿಯಾರ ಯಾಕೆ ನೋಡ್ತೀಯ?" ಎಂದರು ಅಬೂನಾ. "ಈ ಐವತ್ತು ದಿನ ಹಸಿದಿರೋದು ಅಂದ್ರೆ ಮದುವೆ ಮನೇಲಿ ಕೂತು ಅತ್ತ ಹಾಗೆ. ಮಾಡು ಅಂದಾಗ ಇಪ್ಪತ್ತು ವರ್ಷ ಮಾಡ್ಲಿಲ್ಲ, ಮಾಡಬೇಡ ಅಂದಾಗ ಮಾಡ್ತಾ ಕೂತಿದೀಯ. ನಿನ್ನ ಹುಣ್ಣು ಏನಾಯ್ತು ಹಾಗಾದ್ರೆ?"

ಲಬೀಬ ಉತ್ತರ ಹುಡುಕುವಷ್ಟರಲ್ಲಿ ಅತ್ತೆಯೇ ಮಾತಾಡಿದಳು.

"ವಾಸಿಯಾಗಿದೆ ಅಬೂನಾ. ನಾನು ಸಂತ ಮಾರ್ ಗಿರ್ಗಿಸ್‌ಗೆ ಟಗರಿನ ಹರಕೆ ಹೊತ್ತಿದ್ದೆ."

ಹರಕೆಯ ಸಂಗತಿ ಲಬೀಬನಿಗಾಗಲಿ ಫೆರ್ಯಾಲಳಿಗಾಗಲಿ ಗೊತ್ತೇ ಇರಲಿಲ್ಲ. ಮೂರು ಜನರೂ ಅವನ ಮುಖ ನೋಡಿದರು. ಹೌದೇನೋ ಎಂದು ಅಬೂನಾ ಕೇಳಿದರು. ಈಗ ನೋವಿಲ್ಲ ಎಂದ ಲಬೀಬ. ಆ ಹುಣ್ಣಿನ ವಿಷಯದಲ್ಲಿ ಅವನು ಆ ಮನೆಯಲ್ಲಿ ಆಡಿದ ಮೊದಲ ನಿಜ ಅದು.

ಅಬೂನಾ ಗಾಳಿ ಬೇಕು ಎಂದು ಎದ್ದು, ಅವನನ್ನೂ ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು. ಅಲ್ಲಿ ಲಬೀಬ ಎಲ್ಲವನ್ನೂ ಹೇಳಿದ. ಮೊದಲ ವರ್ಷದ ಬೇಳೆಯಿಂದ ಹಿಡಿದು ಡಾಕ್ಟರ ಪರದೆಯವರೆಗೆ. ಅಬೂನಾ ನಗಲಿಲ್ಲ, ಗದರಲೂ ಇಲ್ಲ. ಕೆಳಗೆ ಬೀದಿಯಲ್ಲಿ ಈರುಳ್ಳಿ ಗಾಡಿಯವನು ಹೋಗುವವರೆಗೂ ನೋಡುತ್ತ ನಿಂತು, ಆಮೇಲೆ ಪ್ರಾಯಶ್ಚಿತ್ತ ಹೇಳಿದರು. ಸಂತೋಷದ ದಿನಗಳು ಮುಗಿಯುವವರೆಗೆ ಪ್ರತಿ ಬೆಳಿಗ್ಗೆ ಅತ್ತೆಯ ಜೊತೆ ಕೂತು, ಆಕೆ ಬಡಿಸಿದ್ದನ್ನು ಬಡಿಸಿದಷ್ಟು ತಿನ್ನಬೇಕು. ಅದು ಮುಗಿದ ಮರುದಿನವೇ ಯೇಸುವಿನ ಶಿಷ್ಯರ ನೆನಪಿನ ಅಪೊಸ್ತಲರ ಉಪವಾಸ ಶುರು. ಅದನ್ನು ಪೂರ್ತಿ ಮಾಡಬೇಕು, ಮೂರು ಗಂಟೆಯವರೆಗೆ. ಇನ್ನು ವಿನಾಯಿತಿ ಇಲ್ಲ. ಡಾಕ್ಟರಿಗೆ ಏನು ಹೇಳಲಿ ಎಂದು ಲಬೀಬ ಗೊಣಗಿದ. ನಿಮಗಿಂತ ಮೂರು ಗಂಟೆ ಜಾಸ್ತಿಯೇ ಪಾದ್ರಿಗಳು ಕೊಟ್ಟಿದ್ದಾರೆ ಅನ್ನು ಎಂದರು ಅಬೂನಾ. ಅತ್ತೆಗೆ ನಿಜ ಹೇಳಬೇಕೇ ಎಂದು ಕೇಳಿದ.

"ಅದು ನಿಂಗೆ ಬಿಟ್ಟಿದ್ದು. ಬೇಗ ಹೇಳಿದ್ರೆ ಟಗರಿಗೆ ಒಳ್ಳೇದು."

ಒಳಗೆ ಹೋಗಲು ಬಾಗಿಲಿಗೆ ಕೈ ಹಾಕಿದವರು ಮತ್ತೆ ನಿಂತು, ದನಿ ತಗ್ಗಿಸಿ, ಎಷ್ಟು ಕಿಲೋ ಇಳಿದಿದೆ ಎಂದು ಕೇಳಿದರು. ನಾಲ್ಕು ಎಂದ. ಅಬೂನಾ ತಮ್ಮ ನಿಲುವಂಗಿಯ ಮುಂಭಾಗವನ್ನೊಮ್ಮೆ ನೋಡಿಕೊಂಡು, ಹೂಂ ಎಂದು ಒಳಗೆ ಹೋಗಿ ಉಳಿದ ಫತೀರ್ ಮುಗಿಸಿದರು.

ಲಬೀಬ ಬೇಗ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಟಗರು ಮನೆಗೆ ಬಂತು. ಇವತ್ತು ಹೇಳೋಣ ಎಂದುಕೊಂಡ ದಿನ ಕಟುಕ ಬಂದ. ಮಾಂಸವೆಲ್ಲ ಕೇರಿಯ ಬಡವರ ಮನೆಗಳಿಗೆ ಹೋಯಿತು. ಪವಾಡ ನಡೆದದ್ದು ಯಾರ ಹೊಟ್ಟೆಯಲ್ಲೋ ಅವನಿಗೇ ಮೊದಲ ತುತ್ತು ಎಂದು, ಬೆಳಿಗ್ಗೆ ಎಂಟು ಗಂಟೆಗೆ, ಟಗರಿನ ಪಿತ್ತಜನಕಾಂಗವನ್ನು ಬೆಳ್ಳುಳ್ಳಿ ಹಾಕಿ ಹುರಿದು ಅತ್ತೆ ಅವನ ಮುಂದಿಟ್ಟಳು. ತನ್ನ ಪಿತ್ತಜನಕಾಂಗದ ಕ್ಷೇಮಕ್ಕಾಗಿ ಹಸಿದಿದ್ದವನು ಅದನ್ನು ಕೊನೆಯ ತುಂಡಿನವರೆಗೂ ತಿಂದ. ಬಡಿಸಿದ್ದನ್ನು ಬಡಿಸಿದಷ್ಟು.

ಉಳಿದ ವಾರಗಳು ಹಾಗೇ ಕಳೆದವು. ಪಟ್ಟಿಯ ತೂತು ಮೊದಲಿದ್ದಲ್ಲಿಗೇ ಹೋಯಿತು. ಎಲ್ಲರಿಗಿಂತ ನೊಂದುಕೊಂಡವನು ಹಾಜಿ ರಿಫಾಯಿ. ಸತ್ಯ ಹೇಳಿ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡೆ ಎಂದು ಅವನು ಹಲವು ದಿನ ಅಲವತ್ತುಕೊಂಡ. ಲಬೀಬನನ್ನು ಇನ್ನೊಮ್ಮೆ ನೋಡಿದ ಡಾಕ್ಟರಮ್ಮ, ಇಳಿದದ್ದೆಲ್ಲ ಯಾಕೆ ಹತ್ತಿತು ಎಂದು ಕೇಳಿದಳು. ಪಾದ್ರಿಗಳು ತಿನ್ನು ಅಂದರು ಎಂದ. ಆಕೆ ಪೆನ್ನು ಕೆಳಗಿಟ್ಟು ಅವನನ್ನು ನೋಡಿದಳು. ಮುಂದಿನ ವಾರದಿಂದ ಅವರೇ ತಿನ್ನಬೇಡ ಅಂದಿದ್ದಾರೆ ಎಂದು ಲಬೀಬ ಸಮಾಧಾನ ಹೇಳಿದ.

ಆ ಮುಂದಿನ ವಾರವೂ ಬಂತು. ಅಪೊಸ್ತಲರ ಉಪವಾಸದ ಮೊದಲ ದಿನ ಲಬೀಬ ಹುರುಪಿನಿಂದಲೇ ಅಂಗಡಿಗೆ ಹೋದ. ಹದಿನಾರು ಗಂಟೆ ನೀರು ಕುಡಿದ ಹಾಗೆ ಕಳೆದವನಿಗೆ ಇನ್ನು ಮೂರು ಗಂಟೆ ಯಾವ ಲೆಕ್ಕ ಎಂದುಕೊಂಡಿದ್ದ. ಆದರೆ ಡಾಕ್ಟರಿಗಾಗಿ ಅಷ್ಟು ವಿಧೇಯವಾಗಿದ್ದ ಹೊಟ್ಟೆ ದೇವರಿಗಾಗಿ ಎಂದ ಕೂಡಲೇ ತಿರುಗಿಬಿತ್ತು. ಹತ್ತು ಗಂಟೆಗೆಲ್ಲ ಸಂಕಟ. ಹನ್ನೊಂದಕ್ಕೆ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟ. ಇದೇ ಹೊಟ್ಟೆ, ಇದೇ ಕುರ್ಚಿ. ಆಗ ತಾನಾಗಿ ಹಸಿದಿದ್ದ, ಬೇಕೆಂದರೆ ಯಾವ ಗಳಿಗೆಯಲ್ಲೂ ಬಿಡಬಹುದಿತ್ತು. ಈಗ ಬಿಡುವಂತಿಲ್ಲ ಎಂಬುದೇ ಹಸಿವಿನಷ್ಟು ಹಸಿವಾಗಿ ಒಳಗೆ ಕೊರೆಯುತ್ತಿತ್ತು. ಅಂದೇ ಮಧ್ಯಾಹ್ನ ಅಂಗಡಿ ಮುಚ್ಚಿ ಬೀದಿಗಿಳಿದಾಗ ಕಾಲುಗಳು ತಮ್ಮಷ್ಟಕ್ಕೆ ಸ್ಟೇಷನ್ನಿನ ಕಡೆ ತಿರುಗಿದವು. ಮೂಲೆಯವರೆಗೂ ಹೋದ. ಕೆಂಡದ ಹೊಗೆ ಮೂಗಿಗೆ ಬಂತು. ಅಲ್ಲಿ ಸುಮಾರು ಹೊತ್ತು ನಿಂತು, ಆಮೇಲೆ ತನಗೇ ಬೈದುಕೊಳ್ಳುತ್ತ ಮನೆಯ ದಾರಿ ಹಿಡಿದ.

ಫೆರ್ಯಾಲ್ ಅಡುಗೆಮನೆಯಲ್ಲಿದ್ದಳು. ಅಲ್ಲಿ ನಿಲ್ಲುವ ಧೈರ್ಯವಿಲ್ಲದೆ ಅವನು ಮಾಳಿಗೆ ಹತ್ತಿದ. ಅತ್ತೆ ಅಲ್ಲಿ ಮಣ್ಣಿನ ಬಿಲ್ಲೆಗಳ ಮೇಲೆ ರೊಟ್ಟಿಯ ಹಿಟ್ಟನ್ನು ದುಂಡಗೆ ತಟ್ಟಿ, ಉಬ್ಬಲೆಂದು ಬಿಸಿಲಿಗೆ ಸಾಲಾಗಿಟ್ಟು, ನೊಣ ಕೂರದಂತೆ ಸೊಪ್ಪಿನ ಕಡ್ಡಿಯಾಡಿಸುತ್ತ ಕೂತಿದ್ದಳು. ಪಾರಿವಾಳದ ಗೂಡಿನ ನೆರಳಲ್ಲಿ ಅವನಿಗೂ ಒಂದು ಮಣೆ ಸರಿಸಿದಳು. ಆಕೆಯ ತುಟಿ ಒಣಗಿ ಬಿರಿದಿತ್ತು. ಎಪ್ಪತ್ತು ದಾಟಿದ ಹೆಂಗಸು ಪ್ರತಿ ವರ್ಷ ಹೀಗೆ ಕೂರುತ್ತಿದ್ದಳು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿನಲ್ಲಿ ಅವನು ಯಾವತ್ತೂ ಪಕ್ಕದಲ್ಲಿರಲಿಲ್ಲ.

"ಹಸಿವಾಗ್ತಿದ್ಯಾ?" ಎಂದು ಕೇಳಿದಳು.

"ಹೂಂ ಅತ್ತೆ."

"ತುಂಬಾನಾ?"

"ತುಂಬಾ."

ಅತ್ತೆ ತಲೆಯಾಡಿಸಿದಳು. ಆ ತಲೆಯಾಡಿಸುವುದರಲ್ಲಿ ಏನೋ ತೃಪ್ತಿಯಿತ್ತು. ಲಬೀಬ ಹಿಟ್ಟಿನ ಸಾಲನ್ನು ನೋಡುತ್ತ, ಅತ್ತೆಯ ಮುಖ ನೋಡದೆ, ತನಗೆ ಹುಣ್ಣು ಯಾವತ್ತೂ ಇರಲಿಲ್ಲ ಎಂದ. ಟಗರಿನ ಮಾತು ಬರುವ ಮೊದಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ, ತಪ್ಪಾಯಿತು ಎಂದ.

ಅತ್ತೆಯ ಕಡ್ಡಿ ನಿಲ್ಲಲಿಲ್ಲ. "ಗೊತ್ತು," ಎಂದಳು.

"ಯಾವಾಗಿಂದ?"

"ಮೊದಲನೇ ವರ್ಷದಿಂದ. ಮೂರು ಗಂಟೆಗೆ ಮೀಸೆಯೆಲ್ಲ ನಿಂಬೆಹಣ್ಣಿನ ವಾಸನೆ ಮಾಡ್ಕೊಂಡು ಬರ್ತಿದ್ದೆ. ಅಂಗಿ ತುಂಬ ಹೊಗೆ. ಅದನ್ನ ಒಗೀತಿದ್ದಿದ್ದು ಯಾರು ಅಂದ್ಕೊಂಡೆ?"

ಲಬೀಬನಿಗೆ ಒಂದು ಕ್ಷಣ ಹಸಿವೂ ಮರೆತುಹೋಯಿತು. ಹಾಗಾದರೆ ಇಲ್ಲದ ಹುಣ್ಣಿಗೆ ಟಗರಿನ ಹರಕೆ ಹೊತ್ತದ್ದೇಕೆ ಎಂದು ತೊದಲಿದ. ಅತ್ತೆ ಮೊದಲ ಬಾರಿಗೆ ಅವನ ಕಡೆ ತಿರುಗಿದಳು.

"ಸಂತನ ಹತ್ರ ನಾನು ಹುಣ್ಣಿನ ಮಾತೇ ಎತ್ತಿಲ್ಲ. ನೀನು ಕೊಫ್ತಾ ತಿಂದೆ ಅಂತ ನಂಗೆ ಬೇಜಾರಿರಲಿಲ್ಲ ಮಗಾ. ನಾವಿಬ್ರೂ ಹೊಟ್ಟೆ ಹಸ್ಕೊಂಡು ಬೇಳೆ ಮುಂದೆ ಕೂತ್ರೆ, ನೀನು ಹೊಟ್ಟೆ ತುಂಬಿಸ್ಕೊಂಡು ಬಂದು ಸಪ್ಪೆ ಅಂತಿದ್ದೆ. ಅದಕ್ಕೆ ಬೇಜಾರು. ಒಂದು ದಿನ ಇವನು ನಮ್ಮ ಅಡುಗೆ ಮುಂದೆ ನಿಜವಾಗ್ಲೂ ಹಸಿದು ಕೂತ್ಕೊಳ್ಳೋ ಹಾಗೆ ಮಾಡಪ್ಪಾ ಅಂತ ಕೇಳ್ಕೊಂಡಿದ್ದೆ. ಅಷ್ಟೇ. ಡಾಕ್ಟರ ಹತ್ರ ಕಳಿಸಿದ್ನೋ, ಯಾವ ದಾರೀಲಿ ಮಾಡಿದ್ನೋ, ಮಾಡ್ದ. ಟಗರು ಕೊಟ್ಟೆ."

ಡಾಕ್ಟರ ವಿಷಯವೂ ಗೊತ್ತೇ ಎಂದು ಅವನು ಕೇಳಲು ಹೋಗಲಿಲ್ಲ. ಊರು ಸಣ್ಣದು. ಅಬೂನಾರ ಮುಂದೆ ಹುಣ್ಣು ವಾಸಿಯಾಯಿತು ಎಂದದ್ದೇಕೆ ಎಂದಷ್ಟೇ ಕೇಳಿದ.

"ನೀನು ಬಾಯಿ ಬಾಯಿ ಬಿಡ್ತಾ ಕೂತಿದ್ದೆ. ಮನೆ ಅಳಿಯ. ಏನಾದ್ರೂ ಹೇಳ್ಬೇಕಿತ್ತಲ್ಲ."

ಹಿಟ್ಟು ಬಿಸಿಲಿಗೆ ನಿಧಾನವಾಗಿ ಉಬ್ಬಿತು. ಅತ್ತೆ ಅದರ ಅಂಚಿಗೆ ಮುಳ್ಳಿನಿಂದ ಗೀರು ಹಾಕಿದಳು. ಅವನು ಒಲೆಗೆ ಒಣ ಕಬ್ಬಿನ ಸೋಗೆ ತುಂಬಿದ. ಬೆಂದ ರೊಟ್ಟಿಯ ಪರಿಮಳಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಇರಬೇಕು ಎಂದುಕೊಂಡ. ಇಬ್ಬರೂ ಮೂರು ಗಂಟೆಗೆ ಕಾದರು.

ಫೆರ್ಯಾಲ್ ಕೆಳಗಿನಿಂದ ಕೂಗಿದಾಗ ಲಬೀಬ ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿಸಿದ. ಮೂವರೂ ಕೂತರು. ಅತ್ತೆ ಹೇಳುವ ಪ್ರಾರ್ಥನೆ ಅಷ್ಟು ಉದ್ದವಿದೆಯೆಂದು ಅವನಿಗೆ ಅಲ್ಲಿಯವರೆಗೆ ಅನಿಸಿರಲಿಲ್ಲ. ಕೊನೆಗೆ ಆಮೆನ್ ಬಂತು. ಮಸೂರ್ ಬೇಳೆಯಿಂದ ಹಬೆ ಏಳುತ್ತಿತ್ತು. ಬಿಸಿ ರೊಟ್ಟಿಯನ್ನು ಮುರಿದು, ಅದ್ದಿ, ಬಾಯಿಗಿಟ್ಟ. ಎರಡನೆಯದು, ಮೂರನೆಯದು. ಬಟ್ಟಲು ಖಾಲಿಯಾಗಿ ಮತ್ತೆ ತುಂಬಿಸಿಕೊಂಡ. ಇಷ್ಟು ರುಚಿಯಾದ ಬೇಳೆಯನ್ನು ತಾನು ಜನ್ಮದಲ್ಲೇ ಉಂಡಿರಲಿಲ್ಲ ಎಂದು, ಬಾಯಿ ತುಂಬಿಕೊಂಡೇ, ನಿಜವಾದ ಕೃತಜ್ಞತೆಯಿಂದ ಹೇಳಿದ.

ಅತ್ತೆ ಆಗಷ್ಟೇ ಮೊದಲ ತುತ್ತು ಬಾಯಿಗಿಟ್ಟಿದ್ದಳು. ಅಗಿಯುವುದನ್ನು ನಿಲ್ಲಿಸಿ, ಅಳಿಯನನ್ನು ನೋಡಿ, ಬಟ್ಟಲನ್ನು ನೋಡಿ, ಮಗಳ ಕಡೆ ತಿರುಗಿದಳು.

"ಫೆರ್ಯಾಲ್, ಉಪ್ಪೇ ಹಾಕಿಲ್ವಲ್ಲೇ ಇದಕ್ಕೆ."